ನಮ್ಮ ಕ್ಯಾಸೆಟ್‌ನಲ್ಲಿ ಇರದಿದ್ದ ಆಟಗಳು



ಈ ಸಲ ಹಾಡಿನ ಸುದ್ದಿ ಇಲ್ಲ, ಸಿನಿಮಾ ಸುದ್ದಿಯೂ ಇಲ್ಲ. ಇವತ್ತು ಆಟದ ಮಾತು. ಅದೂ ಮೈದಾನದ ಆಟವಲ್ಲ, ಟೀವಿ ಮುಂದೆ ಚಾಪೆ ಹಾಸಿ ಕೂತು ಆಡುತ್ತಿದ್ದ ವಿಡಿಯೊ ಗೇಮ್! ತೊಂಬತ್ತರ ದಶಕದಲ್ಲಿ ಶಾಲೆಗೆ ಹೋಗುತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರಿಯೊ, ಕಾಂಟ್ರಾ, ಟ್ಯಾಂಕಿನ ಆಟ, ಬಾತುಕೋಳಿಗೆ ಬಂದೂಕು ಹಿಡಿಯುವ ಆಟ... ಹೆಸರು ಕಿವಿಗೆ ಬಿದ್ದರೆ ಸಾಕು, ಹೆಬ್ಬೆರಳು ತಾನಾಗಿಯೇ ಮಿಸುಕುತ್ತೆ.

ಬೆಂಗಳೂರಿನ ಎಸ್.ಪಿ. ರೋಡ್, ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ದೆಹಲಿಯ ಪಾಲಿಕಾ ಬಜಾರ್, ಚೆನ್ನೈನ ರಿಚ್ಚಿ ಸ್ಟ್ರೀಟ್ – ನೀವು ಯಾವ ಊರಿನಲ್ಲಿ ಬೆಳೆದಿದ್ದರೂ ಕೈಗೆ ಬಂದದ್ದು ಹೆಚ್ಚುಕಮ್ಮಿ ಒಂದೇ ಬಗೆಯ ಡಬ್ಬ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಎಂಬ ಯಂತ್ರದ ನಕಲು. ಅದಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಬಿಲ್ಲೆಯ ಸರಿಯಾದ ಹೆಸರು ಕಾರ್ಟ್ರಿಜ್. ನಮ್ಮ ಬಾಯಲ್ಲಿ ಮಾತ್ರ ಅದು ಯಾವತ್ತೂ ‘ಕ್ಯಾಸೆಟ್’. ಮೇಲೆ "9999 ಇನ್ 1" ಅಂತ ದಪ್ಪಕ್ಷರ. ಒಳಗಿರುತ್ತಿದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು ಆಟ. ಅವೇ ಆಟಗಳು ಬೇರೆ ಬೇರೆ ಹೆಸರಿಟ್ಟುಕೊಂಡು, ಬೇರೆ ಬೇರೆ ಹಂತದಿಂದ ಶುರುವಾಗಿ ಪಟ್ಟಿಯನ್ನು ಉದ್ದ ಮಾಡುತ್ತಿದ್ದವು. ಇರಲಿ ಬಿಡಿ, ಅಷ್ಟರಲ್ಲೇ ನಾವು ಖುಷಿಯಾಗಿದ್ದೆವು.

ಅದೇ ವರ್ಷಗಳಲ್ಲಿ ಜಪಾನ್, ಅಮೆರಿಕದ ಮಕ್ಕಳು ಇನ್ನೊಂದು ಬಗೆಯ ಆಟವನ್ನೂ ಆಡುತ್ತಿದ್ದರು. ಹತ್ತು ನಿಮಿಷದಲ್ಲಿ ಮುಗಿಯುವುದಲ್ಲ, ಇಪ್ಪತ್ತು ಮೂವತ್ತು ಗಂಟೆ ಹಿಡಿಯುವುದು. ಅದರಲ್ಲಿ ಊರು ಇರುತ್ತೆ, ಊರಿನ ಜನ ಮಾತಾಡುತ್ತಾರೆ, ನಾಯಕ ಹುಡುಗ ದಿನದಿಂದ ದಿನಕ್ಕೆ ಬಲಿಯುತ್ತಾನೆ, ಜೊತೆಗಾರರು ಸೇರುತ್ತಾರೆ, ಕೆಲವರು ಸಾಯುತ್ತಾರೆ. ಕಾದಂಬರಿಯನ್ನು ಓದುವ ಬದಲು ಒಳಗೆ ಹೋಗಿ ನಡೆದಾಡಿದ ಹಾಗೆ. ಇದಕ್ಕೆ ರೋಲ್ ಪ್ಲೇಯಿಂಗ್ ಗೇಮ್, ಚಿಕ್ಕದಾಗಿ ಆರ್‌ಪಿಜಿ ಅಂತ ಹೆಸರು. ಪಾತ್ರ ಹೊತ್ತು ಆಡುವ ಆಟ ಅನ್ನೋಣ. ಅದಕ್ಕೇ ಕತ್ತಿ ಬೀಸುವುದು, ಜಿಗಿಯುವುದು ಸೇರಿದರೆ ಆಕ್ಷನ್ ಆರ್‌ಪಿಜಿ.

ಇವು ನಮ್ಮ ಮನೆಗೆ ಯಾಕೆ ಬರಲಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ, ಇವತ್ತಿಗೂ ಆಡಿ ಸವಿಯಬಹುದಾದ, ಹೆಚ್ಚು ಜನ ಗಮನಿಸದೇ ಬಿಟ್ಟ ಒಳ್ಳೆಯ ಆಟಗಳ ಒಂದು ಪಟ್ಟಿಯೇ ಸಿಗುತ್ತೆ. ಬನ್ನಿ ನೋಡೋಣ.

ಒಂದು ಬಿಲ್ಲೆ ಬ್ಯಾಟರಿಯ ಕಥೆ

ಮೊದಲ ಕಾರಣ ತೀರಾ ಸಣ್ಣದು. ಕೈಗಡಿಯಾರಕ್ಕೆ ಹಾಕುವಂಥ ಒಂದು ಬಿಲ್ಲೆ ಬ್ಯಾಟರಿ!

ಕಾರ್ಟ್ರಿಜ್ ಒಳಗಿನ ಆಟ ಅಚ್ಚಾದ ಪುಸ್ತಕ ಇದ್ದ ಹಾಗೆ. ಯಂತ್ರ ಅದನ್ನು ಓದಬಹುದೇ ಹೊರತು ಅದರ ಮೇಲೆ ಬರೆಯಲಾಗದು. ಮೂವತ್ತು ಗಂಟೆಯ ಕಥೆಯನ್ನು ಯಾರೂ ಒಂದೇ ಉಸಿರಿಗೆ ಮುಗಿಸಲ್ಲ. ನೆನ್ನೆ ಎಲ್ಲಿಗೆ ನಿಲ್ಲಿಸಿದೆವು, ಕೈಯಲ್ಲಿ ಎಷ್ಟು ಹಣ ಇತ್ತು, ಯಾವ ಕತ್ತಿ ಇತ್ತು – ಇದನ್ನೆಲ್ಲ ಎಲ್ಲಾದರೂ ಗುರುತು ಹಾಕಿಕೊಳ್ಳಬೇಕಲ್ಲ?

ಮೊದಲು ಕಂಡುಕೊಂಡ ಉಪಾಯ ಪಾಸ್‌ವರ್ಡ್. 1986ರ ಮೇ ತಿಂಗಳಲ್ಲಿ ಜಪಾನಿನಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಆಟ, ನೀವು ನಿಲ್ಲಿಸುವಾಗ 20 ಅಕ್ಷರಗಳ ಒಂದು ಮಂತ್ರ ಕೊಡುತ್ತಿತ್ತು. ಅದನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟು, ಮಾರನೇ ದಿನ ಮತ್ತೆ ತಿದ್ದಬೇಕು. ಜಪಾನೀ ಹಿರಗಾನ ಲಿಪಿ ನಮ್ಮ ಕಾಗುಣಿತದ ಹಾಗೆ ಉಚ್ಚಾರಕ್ಕೊಂದು ಅಕ್ಷರ ಇರುವ ಲಿಪಿ. ‘ಕ’ ಬರೆಯುವಲ್ಲಿ ‘ಕಿ’ ಬರೆದಿರೋ, ಮುಗೀತು, ವಾರದ ಶ್ರಮ ನೀರುಪಾಲು. 1987ರಲ್ಲಿ ಬಂದ ಎರಡನೇ ಭಾಗದಲ್ಲಿ ಈ ಮಂತ್ರ 52 ಅಕ್ಷರದವರೆಗೂ ಬೆಳೆಯಿತು. ಪಾಪ, ಆ ಮಕ್ಕಳು!

ಆಮೇಲೆ ಬಂದದ್ದು ಬ್ಯಾಟರಿ ಉಪಾಯ. ಕಾರ್ಟ್ರಿಜ್‌ನಲ್ಲೇ ಬರೆಯಬಲ್ಲ ಒಂದು ಪುಟ್ಟ ಸ್ಮೃತಿ ಚಿಪ್ ಇಟ್ಟು, ಕರೆಂಟ್ ಇಲ್ಲದಾಗಲೂ ಅದು ಮರೆಯದಿರಲು ಪಕ್ಕದಲ್ಲಿ ಬಿಲ್ಲೆ ಬ್ಯಾಟರಿ ಕೂರಿಸಿದರು. 1987ರಲ್ಲಿ ಅಮೆರಿಕಕ್ಕೆ ಬಂದ ‘ದಿ ಲೆಜೆಂಡ್ ಆಫ್ ಜೆಲ್ಡಾ’ದಿಂದ ಇದು ಅಲ್ಲಿ ಮನೆಮಾತಾಯಿತು.

ಈಗ ನಮ್ಮ "9999 ಇನ್ 1" ಮಾಡುವವನ ಲೆಕ್ಕ ನೋಡಿ. ಅವನಿಗೆ ಕ್ಯಾಸೆಟ್ ಅಗ್ಗವಾಗಬೇಕು. ಹೆಚ್ಚುವರಿ ಚಿಪ್ಪು, ಬ್ಯಾಟರಿ ಯಾರಿಗೆ ಬೇಕು? ಒಂದು ದೊಡ್ಡ ಕಥೆಯ ಆಟದ ಜಾಗದಲ್ಲಿ ಹಲವು ಸಣ್ಣ ಆಟ ತುಂಬಬಹುದು. ಮೇಲಾಗಿ ಕಥೆಯ ಆಟದಲ್ಲಿ ಓದಲು ಪುಟಗಟ್ಟಲೆ ಮಾತು, ಅದೂ ಜಪಾನೀಯಲ್ಲಿ! ಕಾಂಟ್ರಾ ಆಡೋಕೆ ಯಾವ ಭಾಷೆ ಬೇಕು ಹೇಳಿ? ಹೀಗಾಗಿ ನೆನಪಿಟ್ಟುಕೊಳ್ಳಬೇಕಾದ ಆಟ, ಓದಬೇಕಾದ ಆಟ ಎರಡೂ ನಮ್ಮ ಕ್ಯಾಸೆಟ್‌ನ ಹೊರಗೇ ಉಳಿದವು. ಆಟ ಚೆನ್ನಾಗಿಲ್ಲ ಅಂತಲ್ಲ, ನಮ್ಮವರೆಗೆ ಬರುವ ದಾರಿಯೇ ಇರಲಿಲ್ಲ.

ಸ್ವಾರಸ್ಯ ಏನೆಂದರೆ, ಈ ಆಟಗಳು ಹುಟ್ಟಿದ ದೇಶಗಳಲ್ಲೂ ಎಷ್ಟೋ ಒಳ್ಳೆಯವು ಹೀಗೇ ಬದಿಗೆ ಸರಿದವು. ಒಂದು ಆಟ ಬರುವಷ್ಟರಲ್ಲಿ ಅದರ ಯಂತ್ರವೇ ಹಳೆಯದಾಗಿತ್ತು. ಇನ್ನೊಂದು ಅನುವಾದ ಆಗಲಿಲ್ಲ. ಮತ್ತೊಂದನ್ನು ಮಾರಬೇಕಾದ ಕಚೇರಿಯೇ ಬಾಗಿಲು ಹಾಕಿತು. ಹಳೆಯ ಆಟ ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಇದು ಹಿಂದೆ ಬಿದ್ದದ್ದು ತನ್ನ ತಪ್ಪಿನಿಂದಲೋ, ಕಾಲದ ತಪ್ಪಿನಿಂದಲೋ? ಎರಡನೆಯದಾದರೆ ಅದನ್ನು ಧಾರಾಳವಾಗಿ ಕೈಗೆತ್ತಿಕೊಳ್ಳಿ. ಅಂಥ ಐದು ಆಟಗಳು ಇಲ್ಲಿವೆ.

1. ಕ್ರಿಸ್ಟಾಲಿಸ್ (1990)

ಮೊದಲ ಸಲ ಆಡುವವರಿಗೆ ನನ್ನ ಶಿಫಾರಸು ಇದೇ. ಇದು ಆ ಫ್ಯಾಮಿಕಾಮ್ ಯಂತ್ರದ್ದೇ ಆಟ. ನಮ್ಮ ಡಬ್ಬಗಳ ಮೂಲ ಅದೇ ಅಂತ ಆಗಲೇ ಹೇಳಿದೆನಲ್ಲ? ಮಾಡಿದವರು ಎಸ್‌ಎನ್‌ಕೆ, ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳಿಗೆ ಹೆಸರಾದ ಜಪಾನೀ ಕಂಪನಿ.

ಕಥೆ ಹೀಗೆ: 1997ರ ಅಕ್ಟೋಬರ್ 1ಕ್ಕೆ ಲೋಕವೆಲ್ಲ ಯುದ್ಧದಲ್ಲಿ ಸುಟ್ಟುಹೋಗುತ್ತೆ. ನೂರು ವರ್ಷದ ನಂತರ ಒಬ್ಬ ಹುಡುಗ ಗುಹೆಯಲ್ಲಿ ಹಿಮನಿದ್ದೆಯಿಂದ ಏಳುತ್ತಾನೆ. ವಿಜ್ಞಾನವನ್ನು ಜನ ಮರೆತಿದ್ದಾರೆ, ಮಂತ್ರ ಚಾಲ್ತಿಯಲ್ಲಿದೆ. ಗಾಳಿ, ಬೆಂಕಿ, ನೀರು, ಸಿಡಿಲು – ನಾಲ್ಕು ಕತ್ತಿಗಳನ್ನು ಅವನು ಕೂಡಿಸಬೇಕು.

ಗುಂಡಿ ಒತ್ತಿ ಹಿಡಿದರೆ ಕತ್ತಿಗೆ ಶಕ್ತಿ ತುಂಬುತ್ತೆ, ಬಿಟ್ಟರೆ ಹಾರುತ್ತೆ. ಎಂಟೂ ದಿಕ್ಕಿಗೆ ಸಲೀಸಾಗಿ ಓಡಬಹುದು. ಒಂದು ಸೂಚನೆ: ಕೆಲವು ವೈರಿಗಳಿಗೆ ಕೆಲವು ಕತ್ತಿ ತಾಗುವುದಿಲ್ಲ. ದೊಡ್ಡ ರಾಕ್ಷಸನಿಗೆ ಎಷ್ಟು ಹೊಡೆದರೂ ಗಾಯವಾಗುತ್ತಿಲ್ಲ ಅಂದರೆ, ಕತ್ತಿ ಬದಲಿಸಿ ನೋಡಿ. ಆಗಲೂ ಆಗದಿದ್ದರೆ ನಿಮ್ಮ ನಾಯಕನ ಮಟ್ಟ ಇನ್ನೂ ಸಾಲದು ಅಂತ ಅರ್ಥ. ಹೊರಗೆ ಬಂದು ಸ್ವಲ್ಪ ಕಾದಾಡಿ ಮತ್ತೆ ಹೋಗಿ.

ಇದು ಹಿಂದೆ ಬಿದ್ದದ್ದು ಯಾಕೆ? 1990ರಲ್ಲಿ ಈ ಆಟ ಬಂತು, ಅದೇ ವರ್ಷದ ನವೆಂಬರ್‌ನಲ್ಲಿ ಮುಂದಿನ ತಲೆಮಾರಿನ ಸೂಪರ್ ಫ್ಯಾಮಿಕಾಮ್ ಬಂತು. ಹೊಸ ಮದುಮಗಳು ಬಂದ ಮನೆಯಲ್ಲಿ ಹಳೆಯ ಸೀರೆಯನ್ನು ಯಾರು ನೋಡುತ್ತಾರೆ! 2018ರಲ್ಲಿ ಬಂದ ಎಸ್‌ಎನ್‌ಕೆ ನಲವತ್ತನೇ ವಾರ್ಷಿಕೋತ್ಸವದ ಸಂಗ್ರಹದಲ್ಲಿ ಇದೂ ಸೇರಿದೆ.

2. ಆಕ್ಟ್‌ರೈಸರ್ (1990)

ರೇಡಿಯೊದವಳಾಗಿ ಇದನ್ನು ನಾನು ಕಿವಿಯ ಮೂಲಕವೇ ಪರಿಚಯಿಸಬೇಕು. ಹಳೇ ಫ್ಯಾಮಿಕಾಮ್‌ಗೆ ಐದು ದನಿ. ಅದರಲ್ಲೇ ರಾಗ, ತಾಳ, ಗುಂಡಿನ ಸದ್ದು ಎಲ್ಲ ಆಗಬೇಕು. ಸೂಪರ್ ಫ್ಯಾಮಿಕಾಮ್‌ಗೆ ಎಂಟು ದನಿ, ಜೊತೆಗೆ ನಿಜವಾದ ವಾದ್ಯದ ಸದ್ದಿನ ಸಣ್ಣ ತುಣುಕುಗಳನ್ನು ಇಟ್ಟುಕೊಳ್ಳುವ ಸೌಲಭ್ಯ. ಆದರೆ ಅದಕ್ಕೆ ಕೊಟ್ಟ ಜಾಗ ಬರೀ 64 ಕಿಲೋಬೈಟ್! ಇವತ್ತು ನೀವು ವಾಟ್ಸಾಪ್‌ನಲ್ಲಿ ಕಳಿಸುವ ಒಂದು ಫೋಟೊಗೂ ಅದು ಸಾಲದು. ಅಷ್ಟರಲ್ಲೇ ಯುಜೊ ಕೊಶಿರೊ ಎಂಬ ಸಂಗೀತಗಾರ ಒಂದು ಇಡೀ ವಾದ್ಯವೃಂದ ಕೂತಿದೆಯೇನೋ ಅನ್ನಿಸುವ ಹಾಗೆ ಮಾಡಿದರು. ಯಂತ್ರ ಬಂದು ಒಂದು ತಿಂಗಳೂ ಆಗಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಆಟದಲ್ಲಿ ನೀವು ದೇವರು. ಅರ್ಧ ಆಟ ಕತ್ತಿಯ ಕಾಳಗ. ಉಳಿದರ್ಧ ಮೋಡದ ಮೇಲಿನ ಅರಮನೆಯಿಂದ ಕೆಳಗೆ ನೋಡುತ್ತಾ ಊರು ಕಟ್ಟಿಸುವುದು. ಜನ ಬಂದು ಬೇಡಿಕೊಳ್ಳುತ್ತಾರೆ. ಮಳೆ ಕೊಡಿ, ಬಂಡೆಗೆ ಸಿಡಿಲು ಹೊಡೆಯಿರಿ, ದಾರಿ ತೋರಿಸಿ ಅಂತ. ಜನ ಹೆಚ್ಚಿದಷ್ಟೂ ನಿಮ್ಮ ಬಲ ಹೆಚ್ಚುತ್ತೆ. ಭಕ್ತರಿಂದಲೇ ದೇವರು ಅನ್ನುವುದು ಇಲ್ಲಿ ಲೆಕ್ಕದ ಸೂತ್ರವೇ ಆಗಿಬಿಟ್ಟಿದೆ, ನೋಡಿ.

ಒಂದು ತಮಾಷೆ ಹೇಳುತ್ತೇನೆ. ಅಮೆರಿಕದಲ್ಲಿ ಆಗ ನಿಂಟೆಂಡೊ ಆಟಗಳಲ್ಲಿ ಧರ್ಮದ ವಿಷಯ ತರಬಾರದು ಎಂಬ ನಿಯಮ. ಹಾಗಾಗಿ ಇಂಗ್ಲಿಷಿಗೆ ಬರುವಾಗ ‘ದೇವರು’ ಹೋಗಿ ‘ಯಜಮಾನ’ ಆದ, ‘ಸೈತಾನ’ ಹೋಗಿ ‘ತಾಂಜ್ರಾ’ ಆದ. ಅನುವಾದ ಮಾಡಿದವರಿಗೆ ಗೊತ್ತು ಇಂಥ ಸರ್ಕಸ್ಸು! ಸುಮಾರು ಐದಾರು ಗಂಟೆಯ ಆಟ. ಹೊಸ ಚಿತ್ರಗಳೊಂದಿಗೆ ‘ಆಕ್ಟ್‌ರೈಸರ್ ರಿನೈಸೆನ್ಸ್’ ಎಂಬ ರೂಪದಲ್ಲಿ 2021ರಲ್ಲಿ ಮರಳಿ ಬಂತು. ಅದರಲ್ಲಿ ಹಳೆಯ ಸಂಗೀತವನ್ನೇ ಆರಿಸಿಕೊಳ್ಳಲೂಬಹುದು.

3. ಟೆರಾನಿಗ್ಮಾ (1995)

ಆಕ್ಟ್‌ರೈಸರ್ ಮಾಡಿದ ಕ್ವಿಂಟೆಟ್ ಎಂಬ ಸಣ್ಣ ಕಂಪನಿಯದ್ದೇ ಇದು. ಇವರ ಆಟಗಳಿಗೆಲ್ಲ ಒಂದು ಸಮಾನ ಗುಣ. ಬೇರೆಯವರ ಆಟದಲ್ಲಿ ರಾಕ್ಷಸನನ್ನು ಕೊಂದರೆ ಹಣ ಬರುತ್ತೆ, ಅಂಕ ಬರುತ್ತೆ. ಇವರ 1992ರ ‘ಸೋಲ್ ಬ್ಲೇಜರ್’ನಲ್ಲಿ ರಾಕ್ಷಸರ ಗೂಡು ಖಾಲಿ ಮಾಡಿದರೆ ಒಂದು ಜೀವ ಮರಳಿ ಬರುತ್ತೆ. ಬಟಾಬಯಲಾಗಿದ್ದ ಜಾಗದಲ್ಲಿ ಒಂದು ಮನೆ ಏಳುತ್ತೆ, ಒಬ್ಬ ಮುದುಕ ಬರುತ್ತಾನೆ, ಒಂದು ಮೇಕೆ ಬರುತ್ತೆ, ಒಂದು ಹೂಗಿಡ ಬರುತ್ತೆ. ಅವೆಲ್ಲ ನಿಮ್ಮ ಹತ್ತಿರ ಮಾತಾಡುತ್ತವೆ. ಕೊಂದು ಗಳಿಸುವ ಆಟಗಳ ನಡುವೆ ಇದು ಉಳಿಸಿ ಕಟ್ಟುವ ಆಟ.

ಟೆರಾನಿಗ್ಮಾದಲ್ಲಿ ಈ ವಿಚಾರ ಭೂಮಿಯಷ್ಟು ದೊಡ್ಡದಾಯಿತು. ಆರ್ಕ್ ಎಂಬ ತುಂಟ ಹುಡುಗ, ಪಾತಾಳದ ಒಂದು ಪುಟ್ಟ ಹಳ್ಳಿ. ತೆರೆಯಬಾರದ ಪೆಟ್ಟಿಗೆ ತೆರೆಯುತ್ತಾನೆ, ಊರೆಲ್ಲ ಮರಗಟ್ಟಿಹೋಗುತ್ತೆ. ಅದನ್ನು ಸರಿಪಡಿಸಲು ಹೊರಟವನು ಮೇಲಿನ ಲೋಕವನ್ನು ಒಂದೊಂದಾಗಿ ಎಬ್ಬಿಸುತ್ತಾನೆ. ಮೊದಲು ಖಂಡಗಳು, ಆಮೇಲೆ ಗಿಡಮರ, ಹಕ್ಕಿ, ಪ್ರಾಣಿ, ಕೊನೆಗೆ ಮನುಷ್ಯ.

ಇಲ್ಲಿ ಒಂದು ಸಂಗತಿ ಇದೆ. ಮನುಷ್ಯರು ಬರುವ ತನಕ ಆರ್ಕ್‌ಗೆ ಪ್ರಾಣಿಗಳ ಮಾತು ಅರ್ಥವಾಗುತ್ತಿರುತ್ತೆ. ಸಿಂಹದ ಮರಿಯ ಜೊತೆ ಮಾತಾಡಿದ್ದಾನೆ, ಅದಕ್ಕೆ ನೆರವಾಗಿದ್ದಾನೆ. ಮನುಷ್ಯರು ಹುಟ್ಟಿದ ಮೇಲೆ ಆ ಭಾಷೆ ಅವನಿಗೆ ನಿಂತುಹೋಗುತ್ತೆ. ಆಟ ಇದನ್ನು ದೊಡ್ಡ ದೃಶ್ಯ ಮಾಡಿ ತೋರಿಸುವುದಿಲ್ಲ, ಅಷ್ಟೇ, ಆಗಿಬಿಡುತ್ತೆ. ಪರಭಾಷೆಯ ಊರಲ್ಲಿ ಬದುಕುವ ನಮಗೆ ಇದು ಎಲ್ಲಿ ತಟ್ಟಬೇಕೋ ಅಲ್ಲೇ ತಟ್ಟುತ್ತೆ. ಹೊಸ ಊರು ಬೆಳೆಯುತ್ತೆ, ವ್ಯಾಪಾರ ಬೆಳೆಯುತ್ತೆ, ದೂರವಾಣಿ ಬರುತ್ತೆ, ವಿಮಾನ ಬರುತ್ತೆ, ಎಲ್ಲ ಸರಿಯೇ. ಆದರೆ ಹಿಂದೊಮ್ಮೆ ಅರ್ಥವಾಗುತ್ತಿದ್ದ ಒಂದು ಮಾತು ಈಗ ಬರೀ ಸದ್ದು.

ಇಂಥ ಆಟಕ್ಕೆ ಏನಾಯಿತು ಗೊತ್ತೇ? 1995ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಬಂತು. ಪ್ರಕಾಶಕರಾದ ಎನಿಕ್ಸ್ ಕಂಪನಿಯ ಅಮೆರಿಕದ ಕಚೇರಿ ಅದೇ ವರ್ಷ ಮುಚ್ಚಿತು. ಹಾಗಾಗಿ ಅಮೆರಿಕಕ್ಕೆ ಹೋಗಲೇ ಇಲ್ಲ. 1996ರ ಡಿಸೆಂಬರ್‌ನಲ್ಲಿ ಯೂರೋಪಿನಲ್ಲಿ ಇಂಗ್ಲಿಷ್ ಆವೃತ್ತಿ ಬರುವಷ್ಟರಲ್ಲಿ ಸೂಪರ್ ನಿಂಟೆಂಡೊ ಕಾಲವೇ ಮುಗಿಯುತ್ತಾ ಬಂದಿತ್ತು. ಇನ್ನೊಂದು ವಿಚಿತ್ರ: ಯೂರೋಪಿನ ಹೆಚ್ಚಿನ ದೇಶಗಳ ಟೀವಿಯೂ ನಮ್ಮ ಟೀವಿಯೂ ಆಗ ಒಂದೇ ಪಾಲ್ ಪದ್ಧತಿ. ಅಂದರೆ ಅಮೆರಿಕದವರಿಗೆ ದಕ್ಕದ ಈ ಆಟ ನಮ್ಮ ಟೀವಿಗೆ ಹೊಂದುವ ರೂಪದಲ್ಲೇ ಇತ್ತು. ಆದರೂ ಇತ್ತ ಕಡೆ ಸುಳಿಯಲಿಲ್ಲ. ಮುಂದಿನ ಇಪ್ಪತ್ತೈದು ವರ್ಷ ಇದರ ಮರುಮುದ್ರಣವೂ ಆಗಲಿಲ್ಲ. ಹಳೇ ಕಾರ್ಟ್ರಿಜ್ ಸಿಕ್ಕವರೇ ಪುಣ್ಯವಂತರು.

4. ಲೈವ್ ಅ ಲೈವ್ (1994)

ಸಣ್ಣಕಥೆ ಇಷ್ಟಪಡುವವರಿಗೆ ಇದು. ಮಾಡಿದವರು ಸ್ಕ್ವೇರ್ ಕಂಪನಿ, ನಿರ್ದೇಶಕರು ತಕಾಶಿ ತೊಕಿತಾ, ಸಂಗೀತ ಯೊಕೊ ಶಿಮೊಮುರಾ. ಏಳು ಕಥೆ, ಏಳು ಕಾಲ, ಏಳು ನಾಯಕರು. ಯಾವುದನ್ನು ಮೊದಲು ಆಡಬೇಕು ಅನ್ನುವುದು ನಿಮ್ಮಿಷ್ಟ. ಎಲ್ಲ ಮುಗಿದ ಮೇಲೆ ಇನ್ನೊಂದು ಬಾಗಿಲು ತೆರೆಯುತ್ತೆ. ಅದನ್ನು ಹೇಳಿದರೆ ನನಗೆ ಪಾಪ ಬರುತ್ತೆ.

ಪ್ರತಿ ಕಥೆಗೂ ಬೇರೆ ನಿಯಮ. ಆದಿಮಾನವನ ಕಥೆಯಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ, ಯಾಕೆಂದರೆ ಆಗ ಭಾಷೆಯೇ ಹುಟ್ಟಿರಲಿಲ್ಲ! ಬರೀ ಕೈಸನ್ನೆ, ಮುಖಭಾವ, ಮನಸ್ಸಿನಲ್ಲಿರುವುದನ್ನು ತೋರಿಸುವ ಪುಟ್ಟ ಚಿತ್ರಗಳು. ಜಪಾನಿನ ಹಳೆಯ ಕೋಟೆಗೆ ನುಗ್ಗುವ ನಿಂಜಾ ಹುಡುಗನ ಕಥೆಯಲ್ಲಿ ಲೆಕ್ಕ ಇಡುತ್ತಾರೆ. ಕೋಟೆಯೊಳಗೆ ನೂರು ಜನರನ್ನೂ ಕೊಂದು ಹೊರಬರಬಹುದು, ಒಬ್ಬರನ್ನೂ ಮುಟ್ಟದೆಯೂ ಬರಬಹುದು. ಚೀನಾದ ಕಥೆಯಲ್ಲಿ ಒಬ್ಬ ಮುದಿ ಗುರು, ಮೂವರು ಶಿಷ್ಯರು. ಗುರುವಿಗೆ ವಯಸ್ಸಾಗಿದೆ, ಅವನು ಇನ್ನು ಬೆಳೆಯಲ್ಲ. ಬೆಳೆಯಬೇಕಾದವರು ಶಿಷ್ಯರು. ಯಾರಿಗೆ ಹೆಚ್ಚು ಕಲಿಸುತ್ತೀರಿ ಅನ್ನುವುದರ ಮೇಲೆ ವಿದ್ಯೆಯ ವಾರಸುದಾರರು ಯಾರು ಅನ್ನುವುದು ನಿಂತಿದೆ. ಮೇಷ್ಟ್ರುಗಳು ಆಡಲೇಬೇಕು ಇದನ್ನ.

1994ರ ಏಪ್ರಿಲ್‌ನಲ್ಲಿ ಅದೇ ಕಂಪನಿಯ ‘ಫೈನಲ್ ಫ್ಯಾಂಟಸಿ’ ಆರನೇ ಭಾಗ, 1995ರ ಮಾರ್ಚ್‌ನಲ್ಲಿ ‘ಕ್ರೋನೊ ಟ್ರಿಗರ್’. ಎರಡು ಆನೆಗಳ ನಡುವೆ ಬಂದ ಈ ಆಟ ಜಪಾನ್ ಬಿಟ್ಟು ಹೊರಗೆ ಹೋಗಲಿಲ್ಲ. 2001ರಲ್ಲಿ ಅಭಿಮಾನಿಗಳೇ ಸೇರಿ, ದುಡ್ಡಿಲ್ಲ ಕಾಸಿಲ್ಲ, ಬರೀ ಪ್ರೀತಿಗೆ ಇಂಗ್ಲಿಷಿಗೆ ಅನುವಾದ ಮಾಡಿದರು. ಇದು ಎಷ್ಟು ಕಷ್ಟದ ಕೆಲಸ ಅಂತ ಯೋಚಿಸಿ. ಜಪಾನಿಯಲ್ಲಿ ಎರಡಕ್ಷರದಲ್ಲಿ ಆಗುವ ಮಾತಿಗೆ ಇಂಗ್ಲಿಷಿನಲ್ಲಿ ಎಂಟು ಹತ್ತು ಅಕ್ಷರ ಬೇಕು. ಚಿಪ್ಪಿನಲ್ಲಿ ಜಾಗ ಅಷ್ಟೇ. ಅಕ್ಷರದ ಆಕಾರ, ಪೆಟ್ಟಿಗೆಯ ಅಗಲ, ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಬೇಕು. ಕಂಪನಿಯೇ ಹೊಸ ರೂಪ ಕೊಟ್ಟು ಜಗತ್ತಿಗೆಲ್ಲ ತಂದದ್ದು 2022ರಲ್ಲಿ, ಬರೋಬ್ಬರಿ 28 ವರ್ಷದ ಮೇಲೆ! ಮೊದಲು ಸ್ವಿಚ್‌ಗೆ, ಮಾರನೇ ವರ್ಷ ಪ್ಲೇಸ್ಟೇಷನ್ ಮತ್ತು ಕಂಪ್ಯೂಟರಿಗೆ. ಈ ಪಟ್ಟಿಯಲ್ಲಿ ಕೈಗೆ ಸುಲಭವಾಗಿ ಎಟುಕುವ ಆಟಗಳಲ್ಲಿ ಇದೂ ಒಂದು.

5. ಪ್ಯಾಂಜರ್ ಡ್ರಗೂನ್ ಸಾಗಾ (1998)

ಇದು ಸೆಗಾ ಕಂಪನಿಯ ಸ್ಯಾಟರ್ನ್ ಯಂತ್ರದ್ದು. ನಾಲ್ಕು ಸೀಡಿಗಳ ಆಟ. ಎಡ್ಜ್ ಎಂಬ ಯುವಕ, ಅವನನ್ನು ಹೊತ್ತು ಹಾರುವ ಡ್ರ್ಯಾಗನ್. ಈ ಲೋಕಕ್ಕಾಗಿಯೇ ಒಂದು ಭಾಷೆಯನ್ನು ಕಟ್ಟಿದ್ದಾರೆ, ಕೊನೆಯ ಹಾಡೂ ಆ ಭಾಷೆಯಲ್ಲೇ ಇದೆ. ಅರ್ಥ ಗೊತ್ತಿಲ್ಲದೆಯೂ ಗಂಟಲು ಕಟ್ಟಿಸುವ ಹಾಡು.

ಕಾಳಗದ ರೀತಿಯೂ ಹೊಸದು. ಆಗಿನ ಆರ್‌ಪಿಜಿಗಳಲ್ಲಿ ಎರಡು ಸಾಲಾಗಿ ನಿಂತು ಸರದಿ ಪ್ರಕಾರ ಹೊಡೆಯುತ್ತಿದ್ದರು. ಇಲ್ಲಿ ಡ್ರ್ಯಾಗನ್ ವೈರಿಯ ಸುತ್ತ ಹಾರುತ್ತೆ. ಹಿಂದೆ, ಮುಂದೆ, ಎಡ, ಬಲ – ಎಲ್ಲಿ ಅಪಾಯ, ಎಲ್ಲಿ ಕ್ಷೇಮ ಅಂತ ಬಣ್ಣ ಹೇಳುತ್ತೆ. ಕಾದಷ್ಟೂ ಶಕ್ತಿಯ ಪಟ್ಟಿ ತುಂಬುತ್ತೆ. ಕಾಯುತ್ತಾ ಕೂತರೆ ಏಟು ಬೀಳುತ್ತೆ, ಬೇಗ ಹೊಡೆದರೆ ಬಲ ಸಾಲದು. ಪ್ರತಿ ಕಾಳಗವೂ ಒಂದು ಸಣ್ಣ ಲೆಕ್ಕಾಚಾರ.

ಅಮೆರಿಕಕ್ಕೆ ಬಂದಾಗ ಸೆಗಾ ಆ ಯಂತ್ರದಿಂದ ಕೈತೊಳೆದುಕೊಳ್ಳುತ್ತಿತ್ತು. ತೀರಾ ಕಡಿಮೆ ಪ್ರತಿ ಅಚ್ಚಾದವು. ಆಡಿದವರೆಲ್ಲ ಹೊಗಳಿದರು, ಆದರೆ ಆಡಿದವರೇ ಕಡಿಮೆ. ಆಮೇಲೆ ಇದರ ಮೂಲ ಕೋಡ್, ಅಂದರೆ ಬರೆದವರ ಹಸ್ತಪ್ರತಿ ಇದ್ದ ಹಾಗೆ, ಅದೇ ಕಳೆದುಹೋಗಿದೆ ಎಂಬ ಸುದ್ದಿ ಬಂತು. ಹೊಸ ಯಂತ್ರಕ್ಕೆ ತರುವುದು ಇದರಿಂದಲೇ ಕಷ್ಟ. ಇದನ್ನು ನೀವು ತಕ್ಷಣ ಕೊಂಡು ಆಡಲಾಗದು ಅಂತ ಗೊತ್ತಿದ್ದೂ ಪಟ್ಟಿಯಲ್ಲಿ ಸೇರಿಸಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ಉಳಿದದ್ದು ಎಷ್ಟು, ಅಳಿದದ್ದು ಎಷ್ಟು

ಕನ್ನಡದ ಮೊದಲ ಮಾತಿನ ಚಿತ್ರ ಯಾವುದು ಅಂತ ಕೇಳಿದರೆ ನಮ್ಮ ಕೇಳುಗರು ನಿದ್ದೆಯಲ್ಲೂ ಹೇಳುತ್ತಾರೆ: 1934ರ ‘ಸತಿ ಸುಲೋಚನ’. ಅದನ್ನು ನೋಡಿದ್ದೀರಾ ಅಂದರೆ? ಯಾರೂ ನೋಡಲಾಗದು. ಅದರ ಪ್ರತಿ ಉಳಿದಿಲ್ಲ. ಹೆಸರು ಉಳಿದಿದೆ, ಕೆಲವು ಸ್ಥಿರಚಿತ್ರ ಉಳಿದಿವೆ, ಚಿತ್ರ ಉಳಿದಿಲ್ಲ.

ಆಟಗಳ ವಿಷಯ ನಮ್ಮ ಕಣ್ಣೆದುರೇ ಹೀಗಾಗುತ್ತಿದೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2010ಕ್ಕಿಂತ ಮೊದಲು ಆ ದೇಶದಲ್ಲಿ ಬಂದ ಆಟಗಳಲ್ಲಿ ಶೇಕಡ 87ರಷ್ಟು ಆಗ ಯಾವ ಅಂಗಡಿಯಲ್ಲೂ ಮಾರಾಟಕ್ಕಿರಲಿಲ್ಲ. ನೂರರಲ್ಲಿ ಹದಿಮೂರು ಮಾತ್ರ ದುಡ್ಡು ಕೊಟ್ಟು ಕೊಳ್ಳಬಹುದಿತ್ತು! ಗ್ರಂಥಾಲಯಗಳು ಇಂಥ ಆಟಗಳನ್ನು ದೂರದ ಸಂಶೋಧಕರಿಗೂ ಇಂಟರ್‌ನೆಟ್ ಮೂಲಕ ತೋರಿಸಲು ಅನುಮತಿ ಕೇಳಿದವು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಆ ಕೋರಿಕೆಯನ್ನು ಒಪ್ಪಲಿಲ್ಲ. ಮಾರಾಟಕ್ಕೆ ಇದ್ದದ್ದೂ ಶಾಶ್ವತವಲ್ಲ. ಸೆಗಾ ತನ್ನ ಮೆಗಾ ಡ್ರೈವ್ ಕಾಲದ ಎಷ್ಟೋ ಆಟಗಳನ್ನು 2024ರ ಡಿಸೆಂಬರ್‌ನಲ್ಲಿ ಆನ್‌ಲೈನ್ ಅಂಗಡಿಗಳ ಕಪಾಟಿನಿಂದ ತೆಗೆದುಬಿಟ್ಟಿತು.

ಇನ್ನು ಮನೆಯಲ್ಲಿರುವ ಕಾರ್ಟ್ರಿಜ್? ಆ ಬಿಲ್ಲೆ ಬ್ಯಾಟರಿ ನೆನಪಿದೆಯಲ್ಲ, ಅದರ ಆಯಸ್ಸು ಹದಿನೈದು ಇಪ್ಪತ್ತು ವರ್ಷ, ಅದೃಷ್ಟ ಇದ್ದರೆ ಇನ್ನೂ ಸ್ವಲ್ಪ. ಅದು ಸತ್ತರೆ ಆಟ ಹಾಗೇ ಇರುತ್ತೆ, ಆದರೆ ಅದರೊಳಗೆ ಯಾರೋ ಹುಡುಗ ಉಳಿಸಿಟ್ಟಿದ್ದ ಪಯಣ ಅಳಿಸಿಹೋಗುತ್ತೆ. ಬ್ಯಾಟರಿ ಬದಲಿಸಬಹುದು, ಹಳೆಯ ನೆನಪು ಮಾತ್ರ ಮರಳಿ ಬರಲ್ಲ.

ಹೀಗಿರುವಾಗ ಒಂದು ಆಟವನ್ನು ಉಳಿಸುವುದು ಯಾರು? ಕಂಪನಿಗಳು ಉಳಿಸಿದವು, ಸುಳ್ಳಲ್ಲ. ಆದರೆ ಯಾರೋ ಕೇಳುತ್ತಿದ್ದಾರೆ ಅಂತ ಗೊತ್ತಾದರೆ ಕಂಪನಿಗೂ ಕಿವಿ ನಿಮಿರುತ್ತೆ. ಲೈವ್ ಅ ಲೈವ್‌ನ ಹೆಸರನ್ನು ಜಪಾನಿನ ಹೊರಗೆ 28 ವರ್ಷ ಬಾಯಿಂದ ಬಾಯಿಗೆ ದಾಟಿಸಿದ್ದು ಅದನ್ನು ಆಡಿದ ಜನ. "ಇದನ್ನು ಆಡಿದ್ದೀಯಾ?" ಅಂತ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು. ಅದಕ್ಕೇ ಪ್ಯಾಂಜರ್ ಡ್ರಗೂನ್ ಸಾಗಾ ಹೆಸರನ್ನೂ ನಿಮ್ಮ ಕಿವಿಗೆ ಹಾಕಿದ್ದು.

ಶುರು ಮಾಡೋದು ಹೇಗೆ?

ಕೆಲಸ, ಲೋಕಲ್ ಟ್ರೈನು, ಮೆಟ್ರೊ, ಟ್ರಾಫಿಕ್ಕು, ಇದರ ಮಧ್ಯೆ ಮೂವತ್ತು ಗಂಟೆ ಎಲ್ಲಿಂದ ತರೋದು ಅನ್ನುತ್ತೀರಾ? ಸರಿಯಾದ ಮಾತು. ಅದಕ್ಕೆ ಕೆಲವು ಸಲಹೆ.

ಒಂದೇ ಆಟ ಆರಿಸಿ. ಐದನ್ನೂ ಕೊಂಡು ಕಪಾಟಿನಲ್ಲಿಟ್ಟರೆ ಅದು ಸಂಗ್ರಹ ಆಗುತ್ತೆ, ಆಟ ಆಗಲ್ಲ. ಸಮಯ ಕಡಿಮೆ ಇದ್ದರೆ ಆಕ್ಟ್‌ರೈಸರ್, ಕತ್ತಿ ಬೀಸುವ ಆಸೆ ಇದ್ದರೆ ಕ್ರಿಸ್ಟಾಲಿಸ್, ಕಥೆ ಬೇಕಿದ್ದರೆ ಲೈವ್ ಅ ಲೈವ್.

ಹಳೆಯ ಆಟಗಳ ಹೊಸ ಸಂಗ್ರಹಗಳಲ್ಲಿ ಬಹುಪಾಲು ಎಲ್ಲಿ ಬೇಕಾದರೂ ನಿಲ್ಲಿಸಿ ಅಲ್ಲಿಂದಲೇ ಮುಂದುವರಿಯುವ ಸೌಲಭ್ಯ ಇರುತ್ತೆ. ನಾಚಿಕೆ ಪಡದೆ ಬಳಸಿ. 52 ಅಕ್ಷರ ಬರೆದುಕೊಂಡ ಮಕ್ಕಳು ಇದನ್ನು ನೋಡಿದ್ದರೆ ಕುಣಿದಾಡುತ್ತಿದ್ದರು. ವಾರಕ್ಕೆ ಎರಡು ಸಲ ಅರ್ಧ ಗಂಟೆ ಸಿಕ್ಕರೂ ಸಾಕು.

ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಈ ಆಟಗಳು ಮುಂದೆ ಎಲ್ಲಿಗೆ ಹೋಗಬೇಕು ಅಂತ ಬಾಣ ಹಾಕಿ ತೋರಿಸಲ್ಲ. ಹಳ್ಳಿಯ ಅಜ್ಜಿ ಒಮ್ಮೆ ಹೇಳಿದ ಮಾತೇ ಸುಳಿವು. ಯಾರು ಏನಂದರು ಅಂತ ಕನ್ನಡದಲ್ಲೇ ಎರಡು ಸಾಲು ಗೀಚಿಕೊಳ್ಳಿ. ಆಟ ಮುಗಿದ ಮೇಲೆ ಆ ನೋಟ್‌ಬುಕ್ ಓದುವುದೇ ಇನ್ನೊಂದು ಮಜಾ. ಬೇರೆಯವರು ಬರೆದ ಪರಿಹಾರ ನೋಡಲೇಬೇಕು ಅನ್ನಿಸಿದರೆ, ಮೊದಲು ಅರ್ಧ ಗಂಟೆ ಅಲೆದಾಡಿ ನೋಡಿ.

ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ತೆರೆಯ ಮೇಲಿನ ಇಂಗ್ಲಿಷ್ ಮಾತನ್ನು ಅವರಿಗೆ ಕನ್ನಡದಲ್ಲಿ ಹೇಳುತ್ತಾ ಹೋಗಿ. ಮೇಕೆಗೊಂದು ದನಿ, ರಾಕ್ಷಸನಿಗೊಂದು ದನಿ, ಮುದಿ ಗುರುವಿಗೊಂದು ದನಿ ಕೊಡಿ. ಪರ ಊರಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ಕಿವಿಗೆ ಬೀಳಲು ಇದಕ್ಕಿಂತ ಖುಷಿಯ ದಾರಿ ಬೇರೆ ಬೇಕೆ? ಪ್ಯಾಂಜರ್ ಡ್ರಗೂನ್ ಸಾಗಾ ಬಿಟ್ಟರೆ ಈ ಆಟಗಳ ಮೂಲ ರೂಪದಲ್ಲಿ ಪಾತ್ರಗಳಿಗೆ ದನಿ ಇಲ್ಲ, ಬರೀ ಅಕ್ಷರ. ಲೈವ್ ಅ ಲೈವ್‌ನ ಹೊಸ ರೂಪಕ್ಕೆ ದನಿ ಬಂದಿದೆ, ಆದರೆ ಕನ್ನಡದ್ದಲ್ಲ. ಆ ಜಾಗ ಖಾಲಿ ಇದೆ, ನಿಮಗಾಗಿಯೇ.

ನೀವು ಆಡಿ ಮೆಚ್ಚಿದ, ಯಾರೂ ಹೆಸರೆತ್ತದ ಹಳೆಯ ಆಟ ಯಾವುದಾದರೂ ಇದೆಯಾ? ಯಾವ ಯಂತ್ರ, ಯಾವ ವರ್ಷ, ಯಾಕೆ ಇಷ್ಟ ಆಯ್ತು – ನಾಲ್ಕು ಸಾಲು ಬರೆದು ಕಳಿಸಿ. ಒಂದು ಹೆಸರು ದಾಟಿಸಿದರೂ ಸಾಕು, ಅಷ್ಟರ ಮಟ್ಟಿಗೆ ಅದು ಉಳಿಯಿತು.

ಮತ್ತೆ ಸಿಗೋಣ. ಅಲ್ಲೀವರೆಗೂ ಕೇಳ್ತಾ ಇರಿ, ಆಡ್ತಾ ಇರಿ!